ಹಂಡ್ಯಾನ ಕೊರಳ ಗೆಜ್ಜೆ

ಪುಣೆಯಲ್ಲಿ ಪಟಾಕಿ ಹೊಡೆಯಲು ಈಗ ದೀಪಾವಳಿಯೇ ಬರಬೇಕೆಂದಿಲ್ಲ. ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದರೆ ಸಾಕು, ಒಂದರ ಹಿಂದೊಂದು ನೆಪ ಸಿಗುತ್ತದೆ. ಮದುವೆಯ ಮೆರವಣಿಗೆ, ಕ್ರಿಕೆಟ್ ಗೆಲುವು, ಯಾರದೋ ಹುಟ್ಟುಹಬ್ಬ, ಯಾವುದೋ ಜಯಂತಿ. ಕೋಥರೂಡದ ಒಂದು ಹಳೆಯ ಮೂರು ವಿಂಗಿನ ವಸತಿ ಸೊಸೈಟಿಯಲ್ಲೂ ಹಾಗೆಯೇ. ಸದ್ದು ಕೇಳಿದೊಡನೆ ಮಕ್ಕಳೆಲ್ಲ ಬಾಲ್ಕನಿಗೆ ಓಡುತ್ತಾರೆ. ಅದೇ ಹೊತ್ತಿಗೆ ಮನೆಯೊಳಗೆ ಮಂಚದ ಕೆಳಗೆ ಓಡುವವರು ಯಾರು ಎಂದು ಯಾರೂ ತಿರುಗಿ ನೋಡುವುದಿಲ್ಲ.

ಬಿ ವಿಂಗಿನ ಎರಡನೆಯ ಮಹಡಿಯ ಹೊಳಬಸಪ್ಪನವರೂ ನೋಡಿರಲಿಲ್ಲ.

ಹೊಳಬಸಪ್ಪ ಇಂಡಿ ತಾಲೂಕಿನವರು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ನಾಗವ್ವ, ಹಡಪಸರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಮಗ ಸಂಜು, ಸೊಸೆ, ಹತ್ತು ವರ್ಷದ ಮೊಮ್ಮಗಳು ಮಾಧುರಿ, ಇಷ್ಟು ಅವರ ಸಂಸಾರ. ಐದಲ್ಲ, ಆರು ಜನ ಎಂದು ಮಾಧುರಿ ತಿದ್ದುತ್ತಿದ್ದಳು. ಆರನೆಯದು ಹಂಡ್ಯಾ.

ಮೂರು ವರ್ಷದ ಹಿಂದೆ ಜುಲೈ ಮಳೆಯಲ್ಲಿ, ಪಾರ್ಕಿಂಗಿನ ಸ್ಕೂಟರೊಂದರ ಕೆಳಗೆ ನಡುಗುತ್ತಿದ್ದ ಬೀದಿನಾಯಿ ಮರಿಯನ್ನು ಅವಳೇ ಎತ್ತಿಕೊಂಡು ಬಂದಿದ್ದಳು. ಮೈ ಕಂದು, ಅದರ ಮೇಲೆ ಬಿಳಿ ಪಟ್ಟೆ. ಬೇಡ ಎನ್ನಲು ಬಾಯಿ ತೆರೆದಿದ್ದ ಹೊಳಬಸಪ್ಪ ಆ ಪಟ್ಟೆ ನೋಡಿ ಸುಮ್ಮನಾಗಿಬಿಟ್ಟರು. ಅವರ ಅಪ್ಪನ ಜೋಡೆತ್ತಿನಲ್ಲಿ ಬಲಗಡೆಯದಕ್ಕೂ ಇದೇ ಬಣ್ಣ, ಇದೇ ಪಟ್ಟೆ. ಅದರ ಹೆಸರು ಹಂಡ್ಯಾ. ಆ ಹೆಸರನ್ನೇ ಮರಿಗೆ ಇಟ್ಟರು.

"ಎತ್ತಿನ ಹೆಸರು ನಾಯಿಗಾ?" ಎಂದು ನಾಗವ್ವ ನಕ್ಕಿದ್ದರು. "ನಾಳೆ ನೊಗಾನೂ ಹೂಡ್ತೀರೇನ?"

ನೊಗ ಹೂಡಲಿಲ್ಲ. ಆದರೆ ಈ ವರ್ಷದ ಬಸವ ಜಯಂತಿಗೆ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದರು.

ಜಯಂತಿ ಈ ಸಲ ಏಪ್ರಿಲ್ ಮೂವತ್ತಕ್ಕೆ ಬಂದಿತ್ತು. ಮರುದಿನ ಮಹಾರಾಷ್ಟ್ರ ದಿನದ ರಜೆ. ಸೊಸೈಟಿಯ ಮತ್ತು ಅಕ್ಕಪಕ್ಕದ ಕನ್ನಡ ಮನೆಗಳವರೆಲ್ಲ ಸೇರಿ ಸಂಜೆ ಬಸವಣ್ಣನ ತೊಟ್ಟಿಲು ತೂಗುವುದು, ಮೆರವಣಿಗೆ, ಹೋಳಿಗೆ ಊಟ ಇಟ್ಟುಕೊಂಡಿದ್ದರು. ಹೊಳಬಸಪ್ಪನವರೇ ಮುಂದಾಳು. ಹಿಂದಿನ ದಿನ ಮಧ್ಯಾಹ್ನ ಅವರು ಮಂಚದ ಕೆಳಗಿನ ಕಬ್ಬಿಣದ ಟ್ರಂಕು ಎಳೆದು, ತಳದಿಂದ ಒಂದು ಗಂಟು ತೆಗೆದರು. ಬಿಚ್ಚಿದರೆ, ಅಗಲವಾದ ಚರ್ಮದ ಪಟ್ಟಿ. ಅದರ ತುಂಬ ಹಿತ್ತಾಳೆ ಗೆಜ್ಜೆ.

"ಇದು ಏನ ಅಜ್ಜಾ?"

"ಹಂಡ್ಯಾನ ಗೆಜ್ಜಿ. ನಿನ್ನ ಹಂಡ್ಯಾ ಅಲ್ಲ, ನಮ್ಮಪ್ಪನ ಹಂಡ್ಯಾಂದು."

ಅಜ್ಜ ಮೊಮ್ಮಗಳು ಇಬ್ಬರೂ ನೆಲದ ಮೇಲೆ ಕುಳಿತು, ಹುಣಿಸೆಹಣ್ಣು ಹಚ್ಚಿ ಗೆಜ್ಜೆ ತಿಕ್ಕಿದರು. ತಿಕ್ಕುತ್ತ ತಿಕ್ಕುತ್ತ ಹೊಳಬಸಪ್ಪ ಊರಿಗೆ ಹೋಗಿಬಿಟ್ಟರು. ಜಯಂತಿಯ ದಿನ ನಸುಕಿನಲ್ಲೇ ಎತ್ತುಗಳನ್ನು ಭೀಮೆಗೆ ಹೊಡೆದುಕೊಂಡು ಹೋಗುವುದು. ಮೊಣಕಾಲುದ್ದ ನೀರಿನಲ್ಲಿ ಅವುಗಳ ಮೈ ಉಜ್ಜುವುದು. ಕೋಡಿಗೆ ಬಣ್ಣ, ಕೋಡಿನ ತುದಿಗೆ ಕೆಂಪು ಗೊಂಡೆ, ಕೊರಳಿಗೆ ಈ ಗೆಜ್ಜೆ. ಬಸವಣ್ಣನ ಗುಡಿಯವರೆಗೆ ಮೆರವಣಿಗೆ. ಹೋಳಿಗೆಯ ಮೊದಲ ತುತ್ತು ಎತ್ತಿಗೆ, ಎರಡನೆಯದು ಮನೆಯವರಿಗೆ. ಕತ್ತಲಾದ ಮೇಲೆ ಗರ್ನಾಲು. ನೆಲ ನಡುಗುವಂಥ ಆ ಸಿಡಿಮದ್ದಿನ ಸದ್ದಿಗೆ ಊರಿನ ಹುಡುಗರೆಲ್ಲ ಹೋ ಎಂದು ಕುಣಿಯುವುದು.

"ಗರ್ನಾಲ ಇಲ್ಲದ ಜಯಂತಿ ಅಂದ್ರ ಉಪ್ಪಿಲ್ಲದ ಸಾರು ಇದ್ಹಂಗ" ಎಂದರು. ಅದಕ್ಕೇ ಈ ಸಲ ಸುತಳಿ ಬಾಂಬಿನ ಎರಡು ಡಬ್ಬಿ ತರಿಸಿದ್ದರು.

"ಆದ್ರ ಇಲ್ಲಿ ಎತ್ತು ಇಲ್ಲಲ್ಲಜ್ಜಾ."

ಹೊಳಬಸಪ್ಪ ಮೂಲೆಯಲ್ಲಿ ಮಲಗಿದ್ದ ನಾಯಿಯ ಕಡೆ ನೋಡಿದರು. ನಾಯಿ ಬಾಲ ಬಡಿಯಿತು.

"ಎತ್ತು ಇಲ್ಲದಿದ್ರೇನಾತು, ಹಂಡ್ಯಾ ಇದ್ದಾನಲ್ಲ!"

ಚರ್ಮದ ಪಟ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದು ನಾಯಿಯ ಅಳತೆಗೆ ತಂದರು. ಆದರೂ ಎತ್ತಿನ ಪಟ್ಟಿ, ಎಷ್ಟು ಬಿಗಿದರೂ ಸಡಿಲವೇ. ಹಂಡ್ಯಾನ ಕೊರಳಿನಲ್ಲಿ ದಿನನಿತ್ಯದ ನೀಲಿ ಪಟ್ಟಿಯೊಂದಿತ್ತು. ಅದಕ್ಕೊಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಸಂಜುವಿನ ಮೊಬೈಲ್ ನಂಬರು. ಗೆಜ್ಜೆಯ ಮುಂದೆ ಅದು ಚೆನ್ನಾಗಿ ಕಾಣುವುದಿಲ್ಲವೆಂದು, ನಾಳೆ ಅದನ್ನು ಬಿಚ್ಚಿದರಾಯಿತು ಎಂದುಕೊಂಡರು.

ಅದೇ ಸಂಜೆ ಪಟಾಕಿ ಡಬ್ಬಿ ಹಿಡಿದು ಮೆಟ್ಟಿಲಿಳಿಯುವಾಗ ಕೆಳಮನೆಯ ಸಿಂಧು ಎದುರಾದಳು. ಮೈಸೂರಿನ ಹುಡುಗಿ, ಪಶುವೈದ್ಯೆ. ಎರಡು ಬೀದಿಯಾಚೆಗಿನ ಕ್ಲಿನಿಕ್ಕಿನಲ್ಲಿ ಕೆಲಸ. ಅವಳು ಮೊದಲು ಡಬ್ಬಿ ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

"ಅಂಕಲ್, ಸುತಳಿ ಬಾಂಬಾ? ಹಂಡ್ಯಾ ಎಲ್ಲಿರ್ತಾನೆ ಆವಾಗ?"

"ಮೆರವಣಿಗಿ ಮುಂದ! ಗೆಜ್ಜಿ ಕಟ್ಟಿ ಕರ್ಕೊಂಡು ಬರ್ತೀನಿ. ನೋಡ್ರಿ ನಾಳೆ ಅವನ ಠೀವಿ."

"ಬೇಡ ಅಂಕಲ್, ಪ್ಲೀಸ್. ಮನೇಲಿ ಒಳಗಡೆ ರೂಮಲ್ಲಿ ಬಿಡಿ. ನಮಗೆ ಕೇಳಿಸದೇ ಇರೋ ಸದ್ದೂ ಅವಕ್ಕೆ ಕೇಳಿಸತ್ತೆ. ನಮಗೆ ಬಾಂಬ್ ಹೊಡೀತಾರೆ ಅಂತ ಮೊದಲೇ ಗೊತ್ತಿರತ್ತೆ. ಅದಕ್ಕೆ ಏನೂ ಗೊತ್ತಿಲ್ಲ, ಆಕಾಶ ಬಿತ್ತು ಅಂದ್ಕೊಳ್ಳತ್ತೆ."

ಹೊಳಬಸಪ್ಪ ನಕ್ಕರು. "ಡಾಕ್ಟರ್ ಬಾಯಾರ, ನಾ ಮೂವತ್ತೊಂದು ವರ್ಷ ದೇಹೂ ರೋಡ್‌ನ್ಯಾಗ ಇದ್ದಾಂವ. ಅಲ್ಲಿ ಮಿಲಿಟರಿಯವರು ಢಂ ಢಂ ಅನಸ್ತಿದ್ರು. ಕ್ಯಾಂಟೀನ್ ಮುಂದಿನ ನಾಯಿ ಕಣ್ಣು ಸುದ್ದಾ ತೆರೀತಿರಲಿಲ್ಲ!"

"ದಿನಾ ಕೇಳಿ ಕೇಳಿ ಅಭ್ಯಾಸ ಆಗಿರೋ ನಾಯಿ ಬೇರೆ ಅಂಕಲ್. ಅಭ್ಯಾಸ ಆಗದೇ ಇರೋವು ಅಲ್ಲಿಂದ ಓಡಿಹೋಗಿರ್ತವೆ. ನೀವು ನೋಡಿದ್ದು ಉಳ್ಕೊಂಡವನ್ನ ಮಾತ್ರ."

ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ದೀಪಾವಳೀಲಿ ಹಂಡ್ಯಾ ಏನ್ ಮಾಡ್ತಿದ್ದ?" ಅವಳು ಕೇಳಿದಳು.

"ಏನೂ ಇಲ್ಲ. ನಾಕು ದಿನ ಬಚ್ಚಲದಾಗ ಬಕೀಟಿನ ಹಿಂದ ಮಲಗಿದ್ದ. ಅಲ್ಲಿ ತಂಪು ಇರತದಲ್ಲ, ಅದಕ್ಕ."

"ನವೆಂಬರ್‌ನಲ್ಲಾ ಅಂಕಲ್? ತಂಪಿಗಾ?"

"ನೀವು ಓದಿದವರು ಎಲ್ಲಾದಕ್ಕೂ ಒಂದು ರೋಗ ಹುಡುಕತೀರಿ" ಎಂದು ಅವರು ನಗುತ್ತಲೇ ಕೆಳಗಿಳಿದರು. ಬೆನ್ನ ಹಿಂದಿನಿಂದ ಅವಳ ಮಾತು ಕೇಳಿತು. "ಕರ್ಕೊಂಡು ಬರೋದೇ ಆದ್ರೆ ಆ ನೀಲಿ ಕಾಲರ್ ಮಾತ್ರ ತೆಗೀಬೇಡಿ ಅಂಕಲ್!"

ಮರುದಿನ ಸಂಜೆ ಆರೂವರೆಗೆ ಮೆರವಣಿಗೆ ಹೊರಟಿತು. ಹೊಳಬಸಪ್ಪ ಬಿಳಿ ಜುಬ್ಬ ತೊಟ್ಟು, ನೀಲಿ ಪಟ್ಟಿ ಬಿಚ್ಚಿ ಜೇಬಿಗಿಳಿಸಿದರು. ಗೆಜ್ಜೆಗೆ ಬಣ್ಣದ ನೂಲಿನ ಹಗ್ಗ ಕಟ್ಟಿ ಹಂಡ್ಯಾನನ್ನು ಮುಂದೆ ನಡೆಸಿದರು. ನಾಯಿ ಮೊದಲು ಚೆನ್ನಾಗಿಯೇ ನಡೆಯಿತು. ಹೆಜ್ಜೆಗೊಮ್ಮೆ ಝಲ್ ಝಲ್. ನಲವತ್ತು ವರ್ಷ ಟ್ರಂಕಿನಲ್ಲಿ ಮಲಗಿದ್ದ ಸದ್ದು ಎದ್ದು ಕುಳಿತಂತೆ ಇತ್ತು. ಹೊಳಬಸಪ್ಪನವರ ಕಣ್ಣು ತೇವವಾಯಿತು.

ಗೇಟಿನ ಹತ್ತಿರ ವಾಚ್‌ಮನ್ ಬಾಳು ಊದುಬತ್ತಿ ಹಿಡಿದು ಕಾಯುತ್ತಿದ್ದ. ಮೆರವಣಿಗೆ ಹೊರಬರಲೆಂದು ಗೇಟು ಪೂರ್ತಿ ತೆರೆದಿತ್ತು. "ಲಾವೂ ಕಾ, ಕಾಕಾ?" ಹಚ್ಚಲೇ ಎಂದು ಕೇಳಿದ. ಹೊಳಬಸಪ್ಪ ಕೈ ಎತ್ತಿ ಹೂಂ ಎಂದರು.

ಸದ್ದು ಕಟ್ಟಡಗಳ ನಡುವೆ ಸಿಕ್ಕಿ ಎರಡು ಸಲ ಬಡಿಯಿತು. ಅವರ ಊರಿನ ಗರ್ನಾಲು ಬಯಲಿನಲ್ಲಿ ಸಿಡಿಯುತ್ತಿತ್ತು, ಇಲ್ಲಿ ನಾಲ್ಕೂ ಕಡೆ ಗೋಡೆ. ಹಂಡ್ಯಾ ನೆಲಕ್ಕೆ ಅಂಟಿಕೊಂಡ. ಎರಡನೆಯ ಬಾಂಬಿಗೆ ಮೈಯೆಲ್ಲ ಬಿಲ್ಲಿನಂತೆ ಬಾಗಿಸಿ ಹಿಂದಕ್ಕೆ ಜಗ್ಗಿದ. ಹಗ್ಗದ ಗಂಟು ಬಿಚ್ಚಿತು. ಮಕ್ಕಳ ಕಾಲಿನ ನಡುವೆ ನುಸುಳಿ, ತೆರೆದ ಗೇಟು ದಾಟಿ ಓಡಿದ. ಝಲ್ ಝಲ್ ಸದ್ದು ರಸ್ತೆಯ ಗದ್ದಲದಲ್ಲಿ ಕಲೆತುಹೋಯಿತು.

ಹೊಳಬಸಪ್ಪನವರ ಕೈಯಲ್ಲಿ ಬಣ್ಣದ ಹಗ್ಗ ಮಾತ್ರ ಉಳಿಯಿತು.

ಮುಂದಿನ ಒಂದು ತಾಸು ಎಲ್ಲರೂ ಹುಡುಕಿದರು. ಸ್ಕೂಟರಿನ ಮೇಲೆ ಕೆಲವರು, ನಡೆದುಕೊಂಡು ಕೆಲವರು. ಗಂಟಲು ಹರಿಯುವಂತೆ "ಹಂಡ್ಯಾ! ಏ ಹಂಡ್ಯಾ!" ಎಂದು ಕೂಗಿದರು. ಕ್ಲಿನಿಕ್ಕಿನಿಂದ ಬಂದ ಸಿಂಧು ಗೇಟಿನಲ್ಲೇ ಎಲ್ಲರನ್ನೂ ತಡೆದಳು.

"ಕೂಗ್ಬೇಡಿ. ಹತ್ತು ಜನ ಕೂಗ್ತಾ ಓಡ್ಬಂದ್ರೆ ಅದು ಇನ್ನೂ ದೂರ ಓಡತ್ತೆ. ಹೆದರಿರೋ ನಾಯಿ ಎಷ್ಟೋ ಸಲ ಹತ್ತಿರದಲ್ಲೇ ಬಚ್ಚಿಟ್ಕೊಂಡಿರತ್ತೆ, ಕರೆದ್ರೂ ಬರಲ್ಲ. ಇಬ್ಬಿಬ್ರು ಮಾತ್ರ ನಿಧಾನಕ್ಕೆ ನೋಡಿ. ಅದು ಮಲಗೋ ಚಾದರ, ನೀರು ಗೇಟಿನ ಹತ್ರ ಇಡಿ. ಮಾಧುರಿ, ಒಂದು ಕ್ಲಿಯರ್ ಫೋಟೋ ಕಳ್ಸು, ಎಲ್ಲಾ ಗ್ರೂಪಿಗೂ ಹಾಕ್ತೀನಿ. ಪ್ರಾಣಿ ರಕ್ಷಣೆಯವರಿಗೂ ಫೋನ್ ಮಾಡ್ತೀನಿ. ಕಾಲರ್‌ನಲ್ಲಿ ನಂಬರ್ ಇದೆಯಲ್ಲ, ಸಿಕ್ಕಿದವ್ರು..."

ಹೊಳಬಸಪ್ಪ ಜುಬ್ಬದ ಜೇಬಿಗೆ ಕೈಹಾಕಿ ನೀಲಿ ಪಟ್ಟಿ ಹೊರಗೆ ತೆಗೆದರು. ಬಿಲ್ಲೆ ದೀಪದ ಬೆಳಕಿಗೆ ಮಿಂಚಿತು.

ಮಾಧುರಿ ಮುಂದೆ ಬಂದಳು. ಆ ಪಟ್ಟಿಯನ್ನು ಅಜ್ಜನ ಕೈಯಿಂದ ತೆಗೆದುಕೊಂಡು ಮೆಟ್ಟಿಲು ಹತ್ತಿಹೋದಳು. ಅವತ್ತು ಹೋಳಿಗೆಯನ್ನು ಆ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಬೆಳಿಗ್ಗೆ ಐದಕ್ಕೆ ಹೊಳಬಸಪ್ಪ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದರು. ನಾಗವ್ವ ಚಹಾ ಸೋಸಿ ಕೊಟ್ಟರು. ಗೇಟಿನ ಬಳಿ ಇಟ್ಟ ನೀರು ಹಾಗೇ ಇತ್ತು.

"ಮಗು ಮಾತಾಡವಲ್ಲದು" ಎಂದರು ಹೊಳಬಸಪ್ಪ.

"ಹೆಂಗ ಮಾತಾಡತದ?" ನಾಗವ್ವ ಒಂದು ಗುಟುಕು ಕುಡಿದು ಕೇಳಿದರು. "ನಾ ಒಂದು ಕೇಳ್ತೀನಿ, ಸಿಟ್ಟು ಮಾಡಬ್ಯಾಡ್ರಿ. ನಿಮ್ಮ ಊರಾಗ ಗರ್ನಾಲ ಹಾರಸೂವಾಗ ಎತ್ತು ಎಲ್ಲಿರತಿದ್ವು?"

"ಎಲ್ಲಿ ಅಂದ್ರ? ಮೆರವಣಿಗ್ಯಾಗ..."

"ಮೆರವಣಿಗಿ ಸಂಜೀಕ ಮುಗೀತಿತ್ತು. ಗರ್ನಾಲ ಕತ್ತಲಾದ ಮ್ಯಾಲೆ. ನಾ ಲಗ್ನ ಆಗಿ ಬಂದ ವರ್ಷ ನೋಡೀನಿ. ಮಾವ ಎಲ್ಲಿರತಿದ್ರು ಆವಾಗ?"

ಹೊಳಬಸಪ್ಪ ಕಪ್ಪು ಕೆಳಗಿಟ್ಟರು.

ಅಪ್ಪ ಎಲ್ಲಿರುತ್ತಿದ್ದ? ಗುಡಿಯ ಮುಂದೆ ಊರಿಗೆ ಊರೇ ಸೇರುತ್ತಿತ್ತು. ಗೆಳೆಯರ ಅಪ್ಪಂದಿರೆಲ್ಲ ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಿಲ್ಲುತ್ತಿದ್ದರು. ತನ್ನ ಅಪ್ಪ ಮಾತ್ರ ಇಲ್ಲ. 'ಅಪ್ಪಾ, ಗರ್ನಾಲ ನೋಡಾಕ ಬಾ' ಎಂದು ಪ್ರತಿ ವರ್ಷ ಜಗ್ಗಾಡಿದ್ದು ನೆನಪಾಯಿತು. ಪ್ರತಿ ವರ್ಷವೂ ಅಪ್ಪ 'ನೀ ನೋಡಿ ಬಾ ಮಗನ' ಎಂದು ಕಳಿಸುತ್ತಿದ್ದ. ಅಪ್ಪನ ಮೇಲೆ ಎಷ್ಟು ಮುನಿಸಿತ್ತು ಆಗ!

ಒಂದು ವರ್ಷ ಮುನಿಸಿನಲ್ಲೇ ಮನೆಗೆ ಓಡಿಬಂದು ದನದ ಕೋಣೆಯ ಬಾಗಿಲ ಸಂದಿಯಲ್ಲಿ ಇಣುಕಿದ್ದರು. ಬಾಗಿಲು ಮುಚ್ಚಿತ್ತು, ಕಿಂಡಿಗೆ ಗೋಣಿತಟ್ಟು ತುರುಕಿತ್ತು. ಎತ್ತಿನ ಗೆಜ್ಜೆ, ಗೊಂಡೆ ಎಲ್ಲ ಬಿಚ್ಚಿ ಗೂಟಕ್ಕೆ ತೂಗುಹಾಕಿತ್ತು. ಅಪ್ಪ ಎರಡು ಎತ್ತಿನ ನಡುವೆ ಕುಳಿತು, ಒಂದು ಕೈ ಹಂಡ್ಯಾನ ಕೊರಳ ಮೇಲಿಟ್ಟು, "ಹೋ... ಹೋ... ಏನಿಲ್ಲೋ, ಏನಿಲ್ಲ" ಎಂದು ಮೆಲ್ಲಗೆ ಅನ್ನುತ್ತಿದ್ದ. ಹೊರಗೆ ಗರ್ನಾಲು ಸಿಡಿದಾಗೊಮ್ಮೆ ಎತ್ತಿನ ಚರ್ಮ ಕಂಪಿಸುತ್ತಿತ್ತು.

ಐವತ್ತು ವರ್ಷಕ್ಕೂ ಮೇಲಾಯಿತು. ಗೆಜ್ಜೆ ನೆನಪಿತ್ತು, ಗರ್ನಾಲು ನೆನಪಿತ್ತು. ಆ ಮುಚ್ಚಿದ ಬಾಗಿಲು ಮಾತ್ರ ಮರೆತೇಹೋಗಿತ್ತು.

"ನಾಗೀ, ನನಗ ಯಾಕ ಇದು ನೆನಪಾಗಲಿಲ್ಲ?"

"ಹಬ್ಬದಾಗ ಕುಣದದ್ದು ನೆನಪಿರತದ್ರೀ. ಕಾಯಕೊಂತ ಕುಂತವರು ಯಾರಿಗಿ ನೆನಪಿರತಾರ?"

ಅವರು ಚಪ್ಪಲಿ ಮೆಟ್ಟಿ ಹೊರಟರು.

ಒಂಬತ್ತೂವರೆ ಹೊತ್ತಿಗೆ ಬಿಸಿಲು ಆಗಲೇ ಚುರುಕಾಗಿತ್ತು. ಹೊಳಬಸಪ್ಪ ಸುತ್ತಲಿನ ಗಲ್ಲಿಗಳನ್ನೆಲ್ಲ ಮುಗಿಸಿ, ಸೊಸೈಟಿಯಿಂದ ಮುನ್ನೂರು ಹೆಜ್ಜೆ ದೂರದ ಒಂದು ಜಾಗಕ್ಕೆ ಬಂದರು. ಅಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಎಬ್ಬಿಸುತ್ತಿದ್ದರು. ಸುತ್ತಲೂ ತಗಡಿನ ಬೇಲಿ. ನಿನ್ನೆ ಇದೇ ಬೇಲಿಯ ಮುಂದೆ ನಾಲ್ಕು ಜನ ಕೂಗಿಕೊಂಡು ಹಾದುಹೋಗಿದ್ದರು. ಇವತ್ತು ರಜೆಯಾದ್ದರಿಂದ ಕೆಲಸ ನಿಂತು ನಿಶ್ಶಬ್ದವಾಗಿತ್ತು. ಒಂದು ಕಡೆ ತಗಡಿನ ಬುಡದಲ್ಲಿ ಮಣ್ಣು ಕೆದರಿತ್ತು. ಅವರು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಕೂಗಲಿಲ್ಲ. ಅಪ್ಪ ಅನ್ನುತ್ತಿದ್ದ ಹಾಗೆಯೇ, ತಮಗೇ ಕೇಳುವಷ್ಟು ಮೆಲ್ಲಗೆ ಅಂದರು.

"ಹೋ... ಹೋ... ಏನಿಲ್ಲೋ, ಏನಿಲ್ಲ. ಬಾ ನನ್ನ ಹಂಡ್ಯಾ."

ಉತ್ತರವಿಲ್ಲ. ಇನ್ನೊಮ್ಮೆ ಅಂದರು. ಒಳಗೆಲ್ಲೋ ಒಂದೇ ಒಂದು ಗೆಜ್ಜೆ ಅಲುಗಿತು.

ಅಲ್ಲಿನ ಕಾವಲುಗಾರನನ್ನು ಎಬ್ಬಿಸಿ, ಬಾಳುವನ್ನು ಕರೆಸಿ ಒಳಗೆ ಹೋದರು. ಪಾಯದ ಕಬ್ಬಿಣದ ಸರಳುಗಳ ನಡುವೆ ಹಂಡ್ಯಾ ಸಿಕ್ಕಿಬಿದ್ದಿದ್ದ. ಸಡಿಲವಾಗಿದ್ದ ಚರ್ಮದ ಪಟ್ಟಿ ಒಂದು ಸರಳಿಗೆ ತೊಡರಿಕೊಂಡಿತ್ತು. ರಾತ್ರಿಯೆಲ್ಲ ಜಗ್ಗಿ ಜಗ್ಗಿ ಕೊರಳು ಗಾಯವಾಗಿತ್ತು. ಬಿಸಿಲು ನೇರ ಅವನ ಮೇಲೆ ಬೀಳುತ್ತಿತ್ತು. ನಾಲಗೆ ಪೂರ್ತಿ ಹೊರಗೆ, ಬಾಯಿಂದ ದಪ್ಪ ಜೊಲ್ಲು. ಏದುಸಿರು ನಿಲ್ಲುತ್ತಿರಲಿಲ್ಲ.

ಹೊಳಬಸಪ್ಪ ಪಟ್ಟಿ ಬಿಚ್ಚಿ ಅವನನ್ನು ಬಿಡಿಸಿ, ಸಿಂಧುವಿಗೆ ಫೋನು ಹಚ್ಚಿದರು.

"ಅಂಕಲ್, ಗಾಬರಿ ಆಗ್ಬೇಡಿ, ಹೇಳಿದಷ್ಟು ಮಾಡಿ. ಮೊದಲು ನೆರಳಿಗೆ ತನ್ನಿ. ತಣ್ಣೀರು ಮೈಮೇಲೆ ಸುರೀರಿ. ಹೊಟ್ಟೆ, ಪಾದ, ತೊಡೆ ಸಂದು, ಎಲ್ಲಾ ಕಡೆ. ಐಸ್ ಬೇಡ. ಒದ್ದೆ ಬಟ್ಟೆ ಹೊದಿಸಿ ಬಿಡ್ಬೇಡಿ, ಶಾಖ ಒಳಗೇ ನಿಲ್ಲತ್ತೆ. ಗಾಳಿ ಹಾಕಿ. ನೀರು ಮುಂದೆ ಇಡಿ, ಅವನಾಗಿ ಕುಡಿದ್ರೆ ಕುಡೀಲಿ, ಬಾಯಿಗೆ ಸುರೀಬೇಡಿ. ನಾನು ಕ್ಲಿನಿಕ್ ಬಾಗಿಲು ತೆಗೀತೀನಿ, ಮೈ ತೋಯ್ಸಿದ ಕೂಡ್ಲೇ ಹೊರಡಿ."

ಬಾಳು ಸಿಮೆಂಟು ಕಲೆಸಲು ನೀರು ಬಿಡುವ ಪೈಪು ಎಳೆದು ತಂದ. ಪೈಪಿನಲ್ಲಿ ನಿಂತಿದ್ದ ಮೊದಲ ಬಿಸಿನೀರನ್ನು ನೆಲಕ್ಕೆ ಬಿಟ್ಟು, ಆಮೇಲೆ ನಾಯಿಯ ಮೈಗೆ ಹಿಡಿದ. ಹೊಳಬಸಪ್ಪ ಮೇಲಂಗಿ ಬಿಚ್ಚಿ ಬೀಸಿದರು. ಆಟೋದಲ್ಲಿ ನಾಯಿಯ ತಲೆ ಅವರ ತೊಡೆಯ ಮೇಲಿತ್ತು.

ಕ್ಲಿನಿಕ್ಕಿನಲ್ಲಿ ಸಲೈನು ಏರಿಸಿ, ಕೊರಳ ಗಾಯಕ್ಕೆ ಔಷಧ ಹಚ್ಚಿ, ಸಂಜೆಯವರೆಗೂ ಇಟ್ಟುಕೊಂಡರು. ಸಿಂಧು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಉಳ್ಕೋತಾನೆ. ಹನ್ನೊಂದು ಗಂಟೆವರೆಗೂ ಆ ಬಿಸಿಲಲ್ಲಿ ಇದ್ದಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ."

ಸಂಜೆ ಹಂಡ್ಯಾ ಮನೆಗೆ ಬಂದ. ಮಾಧುರಿ ನೀಲಿ ಪಟ್ಟಿಯನ್ನು ಗಾಯ ತಾಗದಂತೆ ಸಡಿಲಿಸಿ, ಎರಡು ಬೆರಳು ಹಾಕಿ ನೋಡಿ, ತಾನೇ ಕಟ್ಟಿದಳು. ಆಮೇಲೆ ಅಜ್ಜನ ಕಡೆ ತಿರುಗಿದಳು.

"ಇನ್ನ ಮ್ಯಾಲೆ ಇದನ್ನ ತಗೀಬ್ಯಾಡ, ಅಜ್ಜಾ."

"ಇಲ್ಲವ್ವ" ಎಂದರು ಹೊಳಬಸಪ್ಪ. ಒಂದು ದಿನದ ಮೇಲೆ ಮೊಮ್ಮಗಳು ಆಡಿದ ಮೊದಲ ಮಾತು ಅದು.

ಉಳಿದಿದ್ದ ಸುತಳಿ ಬಾಂಬುಗಳನ್ನು ಅವರು ಆ ದಿನವೇ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರು. ದೀಪಾವಳಿಯಲ್ಲಿ ಹಂಡ್ಯಾ ಅಡಗಿದ್ದ ಅದೇ ಬಚ್ಚಲಿನ ಬಕೆಟ್ಟು.

ಹತ್ತು ದಿನ ಕಳೆಯಿತು. ಎದುರಿನ ಮಂಗಲ ಕಾರ್ಯಾಲಯದಲ್ಲಿ ದೊಡ್ಡ ಮದುವೆ ಇದೆ, ರಾತ್ರಿ ಎಂಟಕ್ಕೆ ವರನ ಮೆರವಣಿಗೆ ಬರುತ್ತದೆ, ಪಟಾಕಿ ಇದ್ದೇ ಇರುತ್ತದೆ ಎಂದು ಬಾಳು ಬಂದು ಹೇಳಿದ. ಬೇರೆಯವರ ಮದುವೆ, ಬೇರೆಯವರ ಪಟಾಕಿ. ತಡೆಯುವುದು ತಮ್ಮ ಕೈಯಲ್ಲಿಲ್ಲ. ಹೊಳಬಸಪ್ಪ ಕಾಗದ ಪೆನ್ನು ಹಿಡಿದು ಸಿಂಧುವಿನ ಮನೆಗೆ ಇಳಿದರು. ಗುಮಾಸ್ತಿಕೆಯ ಅಭ್ಯಾಸ, ಬರೆದುಕೊಳ್ಳದೆ ಕೇಳುವವರಲ್ಲ. ನಾಗವ್ವನೂ ಹಿಂದೆಯೇ ಬಂದರು.

"ನಂದೊಂದು ನಿದ್ದಿ ಗುಳಿಗಿ ಅದ, ಅರ್ಧ ಹಾಕಿದ್ರ ನಡೀತದೇನವಾ?"

"ಅಯ್ಯೋ ಬೇಡ ಆಂಟಿ! ಮನುಷ್ಯರ ಮಾತ್ರೆ ಯಾವುದನ್ನೂ ಕೊಡ್ಬೇಡಿ. ಜ್ವರದ ಮಾತ್ರೆ ಇದೆಯಲ್ಲ ಪ್ಯಾರಾಸಿಟಮಾಲ್, ಬೆಕ್ಕಿಗೆ ಒಂದು ಮಾತ್ರೆ ಸಾಕು ಜೀವ ಹೋಗೋಕೆ. ತುಂಬಾ ಹೆದರೋ ನಾಯಿಗೆ ಬೇರೆ ಔಷಧಿ ಇದೆ, ಆದ್ರೆ ಅದನ್ನ ಡಾಕ್ಟರೇ ತೂಕ ನೋಡಿ ಕೊಡ್ಬೇಕು. ಕೆಲವು ದಿನ ಮುಂಚೆನೇ ಬಂದು ಕೇಳ್ಬೇಕು, ಬಾಂಬ್ ಬಿದ್ಮೇಲೆ ಅಲ್ಲ."

"ಕಿಡಕಿ ಎಲ್ಲಾ ಬಂದ್ ಮಾಡೂದಲ್ಲ?" ಹೊಳಬಸಪ್ಪ ಕೇಳಿದರು.

"ಮಾಡಿ, ಪರದೆನೂ ಎಳೀರಿ. ಆದ್ರೆ ಇದು ಮೇ ತಿಂಗಳು ಅಂಕಲ್, ದೀಪಾವಳಿ ಅಲ್ಲ. ಫ್ಯಾನೋ ಕೂಲರ್ರೋ ಹಾಕಿರ್ಲೇಬೇಕು. ಹೆದರಿಕೆಗೂ ಏದುಸಿರು ಬರತ್ತೆ, ಸೆಕೆಗೂ ಬರತ್ತೆ. ಎರಡೂ ಸೇರಿದ್ರೆ ಕಷ್ಟ."

"ಅವಾ ಅಂಜಿದಾಗ ಎತ್ತಿ ಮುದ್ದು ಮಾಡಿದ್ರ ಅಂಜಿಕಿ ಹೆಚ್ಚಾಗ್ತದ ಅಂತಾರಲ್ಲ?" ಇದು ನಾಗವ್ವ.

"ಅದು ಸುಳ್ಳು ಆಂಟಿ. ಹತ್ರ ಬಂದ್ರೆ ಧಾರಾಳವಾಗಿ ಸವರಿ. ಮಂಚದ ಕೆಳಗೆ ಹೋದ್ರೆ ಮಾತ್ರ ಎಳೀಬೇಡಿ, ಅದು ಅವನು ಹುಡ್ಕೊಂಡಿರೋ ಜಾಗ."

ಆ ಸಂಜೆ ಆರೂವರೆಗೆ ಮಾಧುರಿ ರಸ್ತೆಗೆ ಇಳಿದಳು. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲಿಟ್ಟು ಏಳರವರೆಗೆ ಎಣಿಸಿದಳು. ನಾಲ್ಕಕ್ಕೇ ಕೈ ತೆಗೆಯಬೇಕಾಯಿತು. ಸುಡುವ ರಸ್ತೆಯಲ್ಲಿ ನಾಯಿಯ ಪಾದ ಬೊಬ್ಬೆ ಏಳುತ್ತದೆಂದು ಸಿಂಧು ಹೇಳಿಕೊಟ್ಟ ಪರೀಕ್ಷೆ ಅದು. ಹಾಗಾಗಿ ರಸ್ತೆ ಬಿಟ್ಟು, ಸೊಸೈಟಿಯ ಹಿಂದಿನ ನೆರಳಿನ ಮಣ್ಣಿನಲ್ಲಿ ತಿರುಗಾಡಿಸಿ, ಮೆರವಣಿಗೆಗೆ ಮೊದಲೇ ಒಳಗೆ ಕರೆತಂದಳು. ರಸ್ತೆಗೆ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮಂಚದ ಕೆಳಗೆ ಚಾದರ ಹಾಸಿದ್ದರು, ಪಕ್ಕದಲ್ಲಿ ನೀರಿನ ಬಟ್ಟಲು. ಫ್ಯಾನು ತಿರುಗುತ್ತಿತ್ತು, ಟಿವಿಯಲ್ಲಿ ಯಾವುದೋ ಭಜನೆ ನಡೆದಿತ್ತು. ಮನೆಯೊಳಗಿದ್ದರೂ ಕೊರಳಲ್ಲಿ ನೀಲಿ ಪಟ್ಟಿ, ಬಿಲ್ಲೆ. ಮುಂಬಾಗಿಲಿಗೆ ಅಗುಳಿ.

ಹಿತ್ತಾಳೆ ಗೆಜ್ಜೆ ಬಾಗಿಲ ಚೌಕಟ್ಟಿನ ಮೊಳೆಗೆ ತೂಗುತ್ತಿತ್ತು. ಅಪ್ಪನ ದನದ ಕೋಣೆಯ ಗೂಟದಲ್ಲಿ ತೂಗುತ್ತಿದ್ದ ಹಾಗೆ.

ಎಂಟಕ್ಕೆ ಬ್ಯಾಂಡು ಬಂತು. ಹಿಂದೆಯೇ ಮೊದಲ ಬಾಂಬು. ಹಂಡ್ಯಾ ಮಂಚದ ಕೆಳಗೆ ಸೇರಿ ಗೋಡೆಗೆ ಒತ್ತಿಕೊಂಡ. ಹೊಳಬಸಪ್ಪ ನೆಲದ ಮೇಲೆ ಮೆಲ್ಲಗೆ ಕುಳಿತರು. ಎಳೆಯಲಿಲ್ಲ. ಕೈಯನ್ನು ಮಾತ್ರ ಮಂಚದ ಕೆಳಗೆ ಚಾಚಿ ಇಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಒದ್ದೆ ಮೂತಿಯೊಂದು ಅಂಗೈಗೆ ತಾಗಿತು. ಆಮೇಲೆ ನಡುಗುವ ಕೊರಳು.

"ಹೋ... ಹೋ... ಏನಿಲ್ಲೋ, ಏನಿಲ್ಲ."

ಹೊರಗೆ ಬಾಲ್ಕನಿಯಿಂದ ಮಾಧುರಿಯ ಕೂಗು ಕೇಳಿತು. "ಅಜ್ಜಾ, ಹಸಿರು ಬಣ್ಣದ್ದು ಬಂತು! ನೋಡಾಕ ಬಾ!"

ಹೊಳಬಸಪ್ಪ ಕೊರಳ ಮೇಲಿನ ಕೈ ತೆಗೆಯಲಿಲ್ಲ.

"ನೀ ನೋಡಿ ಬಾ ಮಗಳ" ಎಂದರು.

*

ಓದುಗರೇ, ಹಬ್ಬ ಮಾಡಬೇಡಿ ಎಂದು ಈ ಕಥೆ ಹೇಳುವುದಿಲ್ಲ. ತೊಟ್ಟಿಲು ತೂಗಿ, ಮೆರವಣಿಗೆ ಮಾಡಿ, ಹೋಳಿಗೆ ಉಣ್ಣಿ. ಸಾಧ್ಯವಾದರೆ ಸದ್ದಿನ ಪಟಾಕಿ ಬಿಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಪಟಾಕಿಗೆ ಕಾನೂನೇ ಒಪ್ಪುವುದಿಲ್ಲ ಎಂಬುದೂ ನೆನಪಿರಲಿ. ನಾಯಿ ಬೆಕ್ಕುಗಳನ್ನು ಮೆರವಣಿಗೆಗೆ ಕರೆದೊಯ್ಯಬೇಡಿ, ಬಾಲ್ಕನಿಯಲ್ಲಿ ಕಟ್ಟಿಹಾಕಬೇಡಿ. ಫೋನ್ ನಂಬರಿನ ಪಟ್ಟಿಯನ್ನು ಹಬ್ಬದ ದಿನ ಅಂತೂ ಬಿಚ್ಚಲೇಬೇಡಿ. ಚರ್ಮದಡಿ ಗುರುತಿನ ಚಿಪ್ ಹಾಕಿಸುವುದಾದರೆ ಇನ್ನೂ ಒಳ್ಳೆಯದು, ನಿಮ್ಮ ಪಶುವೈದ್ಯರನ್ನು ಕೇಳಿ. ಕುಡಿಯುವ ನೀರು ಎರಡು ಕಡೆ ಇಡಿ. ನಿಮ್ಮ ಮನೆಯಲ್ಲಿ ಸಾಕುಪ್ರಾಣಿ ಇಲ್ಲದಿದ್ದರೆ, ಬೀದಿಯ ನಾಯಿಗೆ ಆ ಒಂದು ಸಂಜೆ ನಿಮ್ಮ ಪಾರ್ಕಿಂಗಿನ ಮೂಲೆ ಬಿಟ್ಟುಕೊಡಿ.

ಮತ್ತೊಂದು ಮಾತು. ಈ ಬೇಸಿಗೆಯಲ್ಲಿ ನಿಮ್ಮ ಬೀದಿಯಲ್ಲಿ ಪಟಾಕಿ ಸಿಡಿದಾಗ ಮನೆಯವರೆಲ್ಲ ಬಾಲ್ಕನಿಗೆ ಹೋಗಲಿ. ಒಬ್ಬರು ಮಾತ್ರ ಒಳಗೆ ಉಳಿಯಿರಿ.